ಹನ್ನೆರಡನೆಯ ಮಣೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಹೆಂಚಿನ ಮನೆ, ಮುಂದೊಂದು ಮರದ ಶಿಲುಬೆ, ಹಿತ್ತಿಲಲ್ಲಿ ನಾಲ್ಕು ಮಡಿ ಸೊಪ್ಪು. ಆಶ್ರಮ ಅಂದರೆ ಅಷ್ಟೇ, ಹೆಚ್ಚೇನೂ ಊಹಿಸಿಕೊಳ್ಳಬೇಡಿ.

ಅಲ್ಲಿ ಚೌರಪ್ಪ ಗುರುಗಳಿದ್ದರು. ಮಾತು ಕಡಿಮೆ. ಆಡಿದರೋ, ಕೇಳಿಸಿಕೊಂಡವನಿಗೆ ಎರಡು ದಿನ ಊಟ ಸೇರುತ್ತಿರಲಿಲ್ಲ.

ಅವರ ಶಿಷ್ಯ ಇನ್ನಾಸಿ. ಬಂದು ಏಳು ವರ್ಷವಾಗಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ: ಗುರುಗಳ ಕೈಯಿಂದ ವ್ರತ, ಮೈಮೇಲೊಂದು ಕಾವಿ ಅಂಗಿ. ಅಂಗಿಯನ್ನು ತಾನೇ ಹೊಲಿದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ದಿನಕ್ಕೊಂದು ಸಲ ತೆಗೆದು, ಮುಟ್ಟಿ ನೋಡಿ, ಮತ್ತೆ ಮಡಿಸಿಡುತ್ತಿದ್ದ. ಪಾಪ, ಅಷ್ಟು ಆಸೆ.

ಅಲ್ಲಿ ವ್ರತ ಕೊಡುತ್ತಿದ್ದದ್ದು ವರ್ಷಕ್ಕೊಂದೇ ದಿನ, ಪವಿತ್ರ ಗುರುವಾರ. ಯೇಸುಸ್ವಾಮಿ ಸೊಂಟಕ್ಕೆ ವಸ್ತ್ರ ಸುತ್ತಿಕೊಂಡು ಹನ್ನೆರಡು ಜನ ಶಿಷ್ಯರ ಕಾಲು ತೊಳೆದ ದಿನ ಅದು. ವ್ರತ ತೆಗೆದುಕೊಳ್ಳುವವನೂ ಅವತ್ತು ಹನ್ನೆರಡು ಜನರ ಕಾಲು ತೊಳೆಯಬೇಕು. ಆ ಹನ್ನೆರಡು ಜನರನ್ನು ಅವನೇ ಹೋಗಿ ಕರೆಯಬೇಕು. ಆಶ್ರಮದ ಪದ್ಧತಿ ಹಾಗೆ.

ಆ ವರ್ಷ ಗುರುಗಳು ಕರೆದು ಹೇಳಿದರು, "ಈ ಸಲ ನಿನ್ನ ಸರದಿ. ಕಾಲು ಮುಟ್ಟೋಕೆ ಕಷ್ಟ ಆಗೋರನ್ನೇ ಕರಿ."

ಇನ್ನಾಸಿಗೆ ಹಿಡಿಸಲಾರದಷ್ಟು ಸಂತೋಷ. ವಾರವಿಡೀ ಬಿಸಿಲಲ್ಲಿ ಊರೂರು ಅಲೆದ. ಬುಧವಾರ ಬೆಳಿಗ್ಗೆ ಗುರುಗಳ ಮುಂದೆ ಬಂದು ನಿಂತ.

"ಹನ್ನೊಂದು ಜನ ಆದರು ಗುರುಗಳೇ. ಇನ್ನೊಬ್ಬರು ಸಿಕ್ಕರೆ ಸಾಕು."

"ಯಾರ್ಯಾರು?"

"ಕುಷ್ಠದಲ್ಲಿ ಬೆರಳು ಕಳಕೊಂಡ ಸಿದ್ದಯ್ಯ. ಜೈಲಿಂದ ಬಂದ ರಾಯಪ್ಪ. ಹೆಂಡದಂಗಡಿ ಮುಂದೆ ಬಿದ್ದಿರ್ತಾನಲ್ಲ, ಆ ಮುದುಕ. ಆಮೇಲೆ ಫಿಲೋಮಿನಮ್ಮ..."

"ಯಾವ ಫಿಲೋಮಿನಮ್ಮ? ಆ ಜಗಳಗಂಟಿನಾ?"

"ಅವರೇ. ನೀರು ಬೆಚ್ಚಗಿರದಿದ್ದರೆ ಚೆಂಬು ತಗೊಂಡು ತಲೆಗೆ ಕುಟ್ತೀನಿ ಅಂದಿದ್ದಾರೆ."

ಗುರುಗಳು ನಕ್ಕರು. "ಭಲೇ! ಅದಿರಲಿ, ಸಿದ್ದಯ್ಯನ ಕಾಲು ಮುಟ್ಟೋಕೆ ನಿನಗೆ ಕಷ್ಟಾನಾ?"

"ಇಲ್ಲವಲ್ಲ. ಅವರ ಹುಣ್ಣಿಗೆ ವಾರ ವಾರ ಬಟ್ಟೆ ಕಟ್ಟೋದೇ ನಾನು."

"ರಾಯಪ್ಪನದು?"

"ಅಯ್ಯೋ ಪಾಪ ಅನಿಸುತ್ತೆ."

"ಫಿಲೋಮಿನಮ್ಮ?"

"ಅವರು ನನಗೆ ಇಷ್ಟಾನೇ. ಬಾಯಿ ತುಂಬ ಬೈದು, ಆಮೇಲೆ ಮಜ್ಜಿಗೆ ಕೊಡ್ತಾರೆ."

"ಹಾಗಾದರೆ ಊರಿಗೆ ಬೇಡದವರನ್ನ ಕರೆದಿದ್ದೀಯ," ಎಂದರು ಗುರುಗಳು. "ನಿನಗೆ ಬೇಡದವನು ಎಲ್ಲಿ?"

ಇನ್ನಾಸಿಯ ಮುಖ ಸಪ್ಪಗಾಯಿತು. ಯಾರ ಮಾತು ಬಂತು ಅಂತ ಅವನಿಗೆ ಗೊತ್ತಾಯಿತು. ಹೊಳೆಯಾಚೆಯ ಊರಿನಲ್ಲಿ ಅವನ ಒಡಹುಟ್ಟಿದ ಅಣ್ಣ ಅಂತೋಣಿ ಇದ್ದ.

ಮೂರು ವರ್ಷದ ಹಿಂದೆ ಅವರ ತಾಯಿ ತೀರಿಕೊಂಡರು. ಅಂತೋಣಿ ತಮ್ಮನಿಗೆ ಹೇಳಿ ಕಳಿಸಲಿಲ್ಲ. ಮನೆ ಬಿಟ್ಟು ಆಶ್ರಮ ಸೇರಿದವನಿಗೆ ಮನೆಯ ಸಾವು ಯಾಕೆ ಅಂದನಂತೆ. ಇನ್ನಾಸಿಗೆ ಸುದ್ದಿ ಸಿಕ್ಕಿದ್ದು ನಾಲ್ಕನೆಯ ದಿನ, ಸಂತೆಯಲ್ಲಿ, ಬಳೆ ಮಾರುವವಳೊಬ್ಬಳ ಬಾಯಿಂದ. ಅವತ್ತಿನಿಂದ ಅವನು ಆ ಊರಿಗೆ ಕಾಲಿಟ್ಟಿರಲಿಲ್ಲ.

"ಅವನೊಬ್ಬನನ್ನ ಬಿಟ್ಟು ಯಾರನ್ನ ಬೇಕಾದರೂ ಹೇಳಿ ಗುರುಗಳೇ," ಎಂದ. "ಅವ್ವನ ಮುಖ ನೋಡೋದು ಹಾಳಾಗಿ ಹೋಗಲಿ, ಗುಂಡಿಗೆ ಒಂದು ಹಿಡಿ ಮಣ್ಣು ಹಾಕೋ ಭಾಗ್ಯವನ್ನೂ ನನಗೆ ಉಳಿಸಲಿಲ್ಲ ಅವನು. ಒಂದು ಹಿಡಿ ಮಣ್ಣು!"

"ಹಗೆಯನ್ನೂ ಪ್ರೀತಿಸು ಅಂತ ನಮ್ಮ ಸ್ವಾಮಿ ಹೇಳಿದ್ದು ಸಿದ್ದಯ್ಯನ ವಿಷಯದಲ್ಲಲ್ಲ ಕಣೋ."

"ಪ್ರೀತಿಸ್ತೀನಿ. ದೂರದಿಂದ. ಅವನಿಗೋಸ್ಕರ ದಿನಾ ಪ್ರಾರ್ಥನೆ ಮಾಡ್ತೀನಿ."

"ಏನಂತ?"

"ದೇವರು ಅವನಿಗೆ ಒಳ್ಳೆ ಬುದ್ಧಿ ಕೊಡಲಿ ಅಂತ."

"ಅದು ಪ್ರಾರ್ಥನೆ ಅಲ್ಲಪ್ಪ," ಎಂದರು ಗುರುಗಳು. "ಚಾಡಿ."

ಗುರುಗಳು ಹೊಳೆ ಕಡೆ ನೋಡುತ್ತ ಕೇಳಿದರು, "ಆಚೆಯಿಂದ ಹರಿಗೋಲು ಬಂದಾಗಲೆಲ್ಲ ಕೆಲಸ ಬಿಟ್ಟು ಎದ್ದು ನಿಲ್ತೀಯಲ್ಲ. ಹಣೆಗೆ ಕೈ ಅಡ್ಡ ಹಿಡಿದು ಯಾರನ್ನ ನೋಡ್ತೀಯ?"

"ಯಾರನ್ನೂ ಇಲ್ಲ."

"ಸರಿ."

ಆ 'ಸರಿ'ಗೇ ಇನ್ನಾಸಿಯ ಕಟ್ಟೆ ಒಡೆಯಿತು.

"ಬರ್ತಾನೇನೋ ಅಂತ ನೋಡ್ತೀನಿ. ಏನೀಗ? ತಪ್ಪಾಯ್ತು ಅನ್ನೋದು ಬೇಡ ಗುರುಗಳೇ. 'ಊಟ ಆಯ್ತೇನೋ' ಅಂದಿದ್ದರೂ ಸಾಕಿತ್ತು. ನೀರು ಇಳಿದಾಗ ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಈ ಹೊಳೆ ದಾಟಿಸ್ತಿದ್ದವನು ಅವನು. ಅವನ ಕೂದಲು ಹಿಡಕೊಂಡು ಕೂರ್ತಿದ್ದೆ. ಆ ಹರಳೆಣ್ಣೆ ವಾಸನೆ ಇನ್ನೂ ನೆನಪಿದೆ. ಹಾಳಾದವನು!"

ಅಷ್ಟು ಹೇಳಿ ಗೋಡೆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಗುರುಗಳು ಒಳಗೆ ಹೋಗಿ ಹನ್ನೆರಡು ಮಣೆ ತಂದು ಸಾಲಾಗಿ ಇಟ್ಟರು. ಕೊನೆಯದನ್ನು ಕೈಯಿಂದ ತಟ್ಟಿದರು. "ಇದು ಅಂತೋಣಿದು. ಬೇರೆಯವರು ಕೂರೋ ಹಾಗಿಲ್ಲ."

"ಅವನು ಬರದಿದ್ದರೆ?"

"ಕರೆಯೋದು ನಿನ್ನ ಕೆಲಸ."

"ಅವನಿಂದಾಗಿ ನನ್ನ ವ್ರತ ತಪ್ಪಿ ಹೋದರೆ? ಏಳು ವರ್ಷ ಕಾದಿದ್ದೀನಿ!"

"ಕರೆಯೋದು ನಿನ್ನ ಕೆಲಸ ಅಂದೆ."

ಗುರುವಾರ ಮಧ್ಯಾಹ್ನ ಇನ್ನಾಸಿ ಹರಿಗೋಲು ಹತ್ತಿದ. ವಾಪಸು ಬಂದಾಗ ಸಂಜೆ ನಾಲ್ಕು ಗಂಟೆ. ಹನ್ನೊಂದು ಜನವೂ ಬಂದು ಮಣೆ ಮೇಲೆ ಕೂತಾಗಿತ್ತು. ಫಿಲೋಮಿನಮ್ಮ ಆಗಲೇ ಬೋಗುಣಿಗೆ ಬೆರಳದ್ದಿ ನೋಡಿ, ಪರವಾಗಿಲ್ಲ ಅಂದಿದ್ದರು. ಪೀಠದ ಮೇಲೆ ಕಾವಿ ಅಂಗಿ ಮಡಿಸಿಟ್ಟಿತ್ತು.

ಗುರುಗಳು ಹಿತ್ತಿಲ ಒಲೆಯಲ್ಲಿ ಇನ್ನಷ್ಟು ನೀರು ಕಾಯಿಸುತ್ತಿದ್ದರು.

"ಒಬ್ಬನೇ ಬಂದೆಯಾ?"

"ಒಬ್ಬನೇ. ಅವಮಾನ ಮಾಡಿಸಿಕೊಂಡು ಬಂದೆ. ನಿಮಗೆ ಸಮಾಧಾನ ಆಯ್ತಾ?"

ಗುರುಗಳು ಒಲೆಗೆ ಒಂದು ಸೌದೆ ತಳ್ಳಿದರು. "ಏನಾಯ್ತು, ಹೇಳು."

"ಜಗಲಿ ಮೇಲೆ ಕೂತು ಹಗ್ಗ ಹೊಸೀತಿದ್ದ. ತಲೆಯೆಲ್ಲ ಬೆಳ್ಳಗಾಗಿಬಿಟ್ಟಿದೆ. ನನ್ನನ್ನ ನೋಡಿದ, ಏಳಲಿಲ್ಲ. ಹೀಗೆ, ಇವತ್ತು ನಿನ್ನ ಕಾಲು ತೊಳೀಬೇಕು, ಕರೆಯೋಕೆ ಬಂದೆ ಅಂದೆ. ನಿನ್ನ ಆಶ್ರಮಕ್ಕೆ ಬೆಂಕಿ ಬೀಳ, ನಾನೆಲ್ಲಿಗೂ ಬರಲ್ಲ ಅಂದ."

"ಆಮೇಲೆ?"

"ಆಮೇಲೆ ಬೈದ."

"ಏನಂತ?"

ಇನ್ನಾಸಿಗೆ ಹೇಳುವುದಕ್ಕೂ ನಾಚಿಕೆ. "'ಮೂರು ವರ್ಷ ಬೇಕಾಯ್ತೇನೋ ಬೇವರ್ಸಿ, ಈ ಮನೆ ದಾರಿ ಸಿಗೋಕೆ?' ಅಂತ. ಬೀದಿಯವರೆಲ್ಲ ಕೇಳೋ ಹಾಗೆ."

ಗುರುಗಳು ಎದ್ದು ನಿಂತರು. "ಇನ್ನೊಂದು ಸಲ ಹೇಳು."

ಇನ್ನಾಸಿ ಇನ್ನೊಂದು ಸಲ ಹೇಳಿದ.

"ಬೈದು ಒಳಗೆ ಹೋಗಿ ಬಾಗಿಲು ಹಾಕಿಕೊಂಡನಾ?"

"ಇಲ್ಲ. ನಾನೇ ಬಿರಬಿರನೆ ತಿರುಗಿ ಬಂದೆ. ಅಲ್ಲಿಗೂ ಬಿಡಲಿಲ್ಲ ಅವನು, ಹರಿಗೋಲು ಹತ್ತೋವರೆಗೂ ಅವನ ಬೈಗುಳ ಕೇಳಿಸ್ತಾನೇ ಇತ್ತು."

"ಮನೆಯಿಂದ ದಂಡೆಗೆ ಎಷ್ಟು ದೂರ?"

"ಅರ್ಧ ಮೈಲಿ..."

ಹೇಳುತ್ತ ಹೇಳುತ್ತ ಇನ್ನಾಸಿಯ ಬಾಯಿ ತೆರೆದೇ ಉಳಿಯಿತು. ಅಣ್ಣ ಅಷ್ಟು ದೂರ ಹಿಂದೆಯೇ ಬಂದಿದ್ದ. ಹಗ್ಗ, ಜಗಲಿ ಎಲ್ಲ ಬಿಟ್ಟು ಬಂದಿದ್ದ.

"ನೀನು ತಿರುಗಿ ನೋಡಿದೆಯಾ?"

"ಇಲ್ಲ ಗುರುಗಳೇ. ನೋಡಲಿಲ್ಲ."

ಗುರುಗಳು ಬಿಸಿನೀರನ್ನು ಬಿಂದಿಗೆಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರು. ಬೋಗುಣಿಯೊಂದನ್ನು ಅವನ ಕೈಗಿಟ್ಟರು. "ಹರಿಗೋಲು ಇನ್ನೂ ಇದೆ. ಹೊರಡು."

"ಈಗಲಾ? ಗಂಟೆ ಹೊಡೆಯೋ ಹೊತ್ತಾಯ್ತು. ಎಲ್ಲರೂ ಕಾಯ್ತಿದ್ದಾರೆ."

"ಅವರ ಕಾಲು ನಾನು ತೊಳೀತೀನಿ."

"ನನ್ನ ವ್ರತ?"

"ಈ ವರ್ಷ ಇಲ್ಲ."

ಇನ್ನಾಸಿ ಬಾಗಿಲಿಂದ ಒಳಗೆ ನೋಡಿದ. ಅಂಗಿ ಪೀಠದ ಮೇಲೆ ಕೈಗೆಟಕುವಷ್ಟು ಹತ್ತಿರ ಇತ್ತು. ಏಳು ವರ್ಷದ ಆಸೆ, ಸುಮ್ಮನೆ ಮಾತಾ? ಆಮೇಲೆ ಬಿಂದಿಗೆಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ.

ನಾಲ್ಕು ಹೆಜ್ಜೆ ಹೋದವನು ಮತ್ತೆ ತಿರುಗಿದ.

"ಗುರುಗಳೇ, ನಿಮ್ಮ ಹತ್ತಿರ ಸುಳ್ಳು ಹೇಳಲ್ಲ. ಅವನ ಮೇಲಿನ ಸಿಟ್ಟು ಒಂದು ಚೂರೂ ಇಳಿದಿಲ್ಲ. ಒಳಗೆ ಹುಡುಕಿ ನೋಡಿದೆ, ಪ್ರೀತಿ ಅನ್ನೋದು ಒಂದು ಹನಿ ಕಾಣಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?"

ಗುರುಗಳು ಸೊಂಟಕ್ಕೆ ವಸ್ತ್ರ ಸುತ್ತಿಕೊಳ್ಳುತ್ತ ಅವನನ್ನು ನೋಡಿದರು.

"ಪ್ರೀತಿ ಇದೆಯಾ ಅಂತ ಅವನು ಕೇಳಲೇ ಇಲ್ಲವಲ್ಲೋ ಇನ್ನಾಸಿ. ಯಾಕಿಷ್ಟು ತಡ ಅಂತ ಕೇಳಿದ."