ಯಮುನಾಬಾಯಿ ಕೇಳಿದ ಮೂರು ವಾರ

ದಾವಣಗೆರೆಯಲ್ಲಿ ಯಮುನಾಬಾಯಿ ಎಂಬ ದರ್ಜಿ ಇದ್ದರು. ಮದುವೆಯಾಗಿರಲಿಲ್ಲ. ಬಾಡಿಗೆ ಕೋಣೆಯಲ್ಲೇ ಹೊಲಿಗೆ ಯಂತ್ರ, ಅಲ್ಲೇ ಒಲೆ. ರವಿಕೆ ಹೊಲಿಸಲು ಬರುವ ಹೆಂಗಸರೇ ಅವರ ಬಂಧುಬಳಗ.

ಎದೆಯಲ್ಲಿ ಸಣ್ಣ ಗಂಟು ಕಾಣಿಸಿತು. ಕ್ಯಾನ್ಸರ್ ಎಂದರು. ಆಪರೇಷನ್ ಮಾಡಿ ತೆಗೆದರು. ಆಮೇಲೆ ತೋಳು ಎತ್ತಲಾಗದೆ ಹೊಲಿಗೆ ನಿಂತಿತು. ಹೊಲಿಗೆ ನಿಂತ ಮೇಲೆ ಬಾಗಿಲು ತಟ್ಟುವವರೂ ಇಲ್ಲವಾದರು.

ಇನ್ನು ಮೂರು ವಾರದ ವಿಕಿರಣ ಚಿಕಿತ್ಸೆ ಬಾಕಿ ಇತ್ತು. ನಮ್ಮ ಜನ ಅದನ್ನು 'ಕರೆಂಟು ಕೊಡೋದು' ಅನ್ನುತ್ತಾರೆ. ಅದರ ತಯಾರಿಗೆಂದು ಯಮುನಾಬಾಯಿ ಕೆಲವು ಸಲ ಆಸ್ಪತ್ರೆಗೆ ಓಡಾಡಿದರು. ಅಲ್ಲಿ ಕಾಯುವ ಬೆಂಚಿನ ಮೇಲೆ ಹಾಲೇಶಪ್ಪ ಎಂಬ ನಿವೃತ್ತ ಬಸ್ ಕಂಡಕ್ಟರ್ ಪರಿಚಯವಾದರು. ಅವರಿಗೆ ಗಂಟಲಿನ ಕ್ಯಾನ್ಸರ್. ದನಿ ಒಡೆದಿದ್ದರೂ ಮಾತು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತವರನ್ನೆಲ್ಲ ಯಾವ ಊರು, ಏನು ತಿಂದಿರಿ ಎಂದು ವಿಚಾರಿಸುತ್ತಿದ್ದರು.

ಒಂದು ದಿನ ಡಾಕ್ಟರ್ ವಿನುತಾ ಹೇಳಿದರು: "ಅಮ್ಮಾ, ನಿಮಗೆ ಮೂರು ವಾರ ಬೇಡ. ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಒಂದೇ ವಾರದಲ್ಲಿ ಮುಗಿಸ್ತೀವಿ. ನಿಮ್ಮಂಥವರಿಗೆ ಇದರಿಂದಲೂ ಅಷ್ಟೇ ಗುಣ ಆಗುತ್ತೆ."

ಯಮುನಾಬಾಯಿ ಮುಖ ಬಾಡಿತು. "ಮೂರು ವಾರದ್ದೇ ಕೊಡ್ರಿ."

"ಎಲ್ಲರೂ ಬೇಗ ಮುಗಿಸಿ ಅಂತಾರೆ. ನೀವು ಯಾಕಮ್ಮ ಹೀಗೆ?"

ಅವರು ಸೆರಗಿನ ಅಂಚು ತಿರುವಿದರು. "ಇಲ್ಲಿ ಮಾತಾಡಿಸ್ತಾರೆ," ಎಂದರು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಕರೆಂಟಿನ ಕೋಣೆಯೊಳಗೆ ಯಾರೂ ಮಾತಾಡಿಸಲ್ಲ, ಅಮ್ಮ. ಮಾತಾಡಿಸೋದು ಹೊರಗಡೆ ಬೆಂಚಿನ ಮೇಲೆ. ಅಲ್ಲಿ ಕೂರೋಕೆ ನಿಮಗೆ ಕಾಯಿಲೆ ಯಾಕೆ ಬೇಕು?"

ಯಮುನಾಬಾಯಿಗೆ ನಾಚಿಕೆಯಾಯಿತು. ಒಂದು ವಾರಕ್ಕೆ ಒಪ್ಪಿಕೊಂಡರು.

ಡಾಕ್ಟರು ಹೇಳಿದಂತೆಯೇ ಆಯಿತು. ಮಲಗಿಸಿ ಎಲ್ಲರೂ ಹೊರಗೆ ಹೋಗುತ್ತಿದ್ದರು. ದಪ್ಪ ಬಾಗಿಲು ಮುಚ್ಚುತ್ತಿತ್ತು. ಯಂತ್ರ ಗುಂಯ್ ಎನ್ನುತ್ತಿತ್ತು. ನೋವಿರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ. ವಾರ ಮುಗಿಯಿತು. "ನೀವು ಪುಣ್ಯವಂತರು, ಬೇಗ ಪಾರಾದಿರಿ," ಎಂದು ಹಾಲೇಶಪ್ಪ ಬೀಳ್ಕೊಟ್ಟರು. ಅವರಿಗೆ ಇನ್ನೂ ಬಹಳ ದಿನ ಬಾಕಿ ಇತ್ತು.

ಕೋಣೆಗೆ ಮರಳಿದ ಮೇಲೆ ಹಾಲಿನವನಿಗೆ 'ಅರ್ಧ ಲೀಟರ್' ಅನ್ನುವುದು ಬಿಟ್ಟರೆ ಯಮುನಾಬಾಯಿ ಬಾಯಿ ಬಿಡುವ ಸಂದರ್ಭವೇ ಇರಲಿಲ್ಲ. ಒಂದು ಬೆಳಿಗ್ಗೆ ಆಸ್ಪತ್ರೆಗೆಂದು ಸೀರೆ ಉಟ್ಟು ಬಸ್ ಸ್ಟಾಪಿನವರೆಗೆ ಹೋದರು. ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳಲಿ? ವಾಪಸ್ ಬಂದುಬಿಟ್ಟರು. ಮಾರನೆಯ ದಿನ ಮತ್ತೆ ಹೊರಟರು. ಈ ಸಲ ಬಸ್ ಹತ್ತಿದರು.

ಆಸ್ಪತ್ರೆಯ ಬೆಂಚಿನ ಬಳಿ ಅವರನ್ನು ಕಂಡು ಹಾಲೇಶಪ್ಪ ಗಾಬರಿಯಾದರು. ಚಿಕಿತ್ಸೆಯಿಂದ ಹಾಲೇಶಪ್ಪನವರ ದನಿ ಈಗ ಪೂರ್ತಿ ಅಡಗಿ, ಬರೀ ಉಸಿರಷ್ಟೇ ಉಳಿದಿತ್ತು. "ಮತ್ತೆ ಏನಾಯ್ತು?" ಎಂದು ಪಿಸುಗುಟ್ಟಿದರು.

"ಏನೂ ಆಗಿಲ್ಲ. ಸುಮ್ನೆ ಬಂದೆ."

"ಇಲ್ಲಿಗೆ ಸುಮ್ನೆ ಯಾರು ಬರ್ತಾರೆ?"

"ಮನೇಲಿ ಬೇಜಾರು ಕಣ್ರಿ," ಎಂದರು ಯಮುನಾಬಾಯಿ.

ಹಾಲೇಶಪ್ಪ ನಗಲು ಹೋಗಿ ಗಂಟಲು ಹಿಡಿದುಕೊಂಡರು. ಆಮೇಲೆ ಸರಿದು ಜಾಗ ಕೊಟ್ಟರು. ಆವತ್ತು ಅವರಿಗೆ ಹೆಚ್ಚು ಮಾತಾಡಲು ಆಗುತ್ತಿರಲಿಲ್ಲ. ಬಟ್ಟೆ, ಗಿರಾಕಿ, ಹಾಳು ಬಿಸಿಲು ಎಂದು ಯಮುನಾಬಾಯಿಯೇ ಮಾತಾಡಿದರು. ಒಳಗಿನಿಂದ ಹೆಸರು ಕರೆದಾಗ ಹಾಲೇಶಪ್ಪ ಎದ್ದು, ತಮ್ಮ ಕೈಚೀಲವನ್ನು ಅವರ ಮಡಿಲಲ್ಲಿಟ್ಟು ಒಳಗೆ ಹೋದರು.

ನೀತಿ: ಚಿಕಿತ್ಸೆ ಎಷ್ಟು ಬೇಗ ಮುಗಿದರೂ ಒಂಟಿತನ ಅದರ ಜೊತೆಗೇ ಮುಗಿಯುವುದಿಲ್ಲ. ಇನ್ನೊಬ್ಬರ ಪಕ್ಕ ಹೋಗಿ ಕೂರಲು ಕಾಯಿಲೆಯ ನೆಪ ಬೇಕಿಲ್ಲ. ಬೇಜಾರಾಗಿದೆ ಎಂದು ಬಾಯಿಬಿಟ್ಟು ಹೇಳಿದರೆ ಸಾಕು.