ತಲೆಯಿಲ್ಲದ ಪಂಕ್ತಿ

ಸೋಗೆಪುರ ಅಂತ ಒಂದು ರಾಜ್ಯ ಇತ್ತು. ಸಿಂಗರಸ ಅಂತ ಅದಕ್ಕೊಬ್ಬ ದೊರೆ. ಒಳ್ಳೆಯವನು, ಸುಳ್ಳು ಹೇಳದವನು. ಆದರೆ ಯಾರು ಏನು ಹೇಳಿದರೂ ನಿಂತು ಕೇಳುವವನು. ಅದರಿಂದಲೇ ಬಂತು ನೋಡಿ ತೊಂದರೆ.

ಆ ಊರಿನ ಕೆರೆ ದೊಡ್ಡದು. ಮಳೆ ಬಂದು ಕೆರೆ ತುಂಬಿದ ಮೇಲೆ ದೊರೆಯೇ ಏರಿಯ ಮೇಲೆ ನಿಂತು, "ಲೋಕ ಮಾಡಿದ ತಂದೆ, ಇದು ನಿನ್ನ ನೀರು" ಅಂತ ಕೈಮುಗಿದು, ಗದ್ದೆಗೆ ನೀರು ಬಿಡುವ ತೂಬು ಎತ್ತಿಸಬೇಕು. ಆಮೇಲೆಯೇ ನಾಟಿ. ಅಜ್ಜನ ಕಾಲದಿಂದ ಹೀಗೇ ನಡೆದಿತ್ತು, ಯಾರಿಗೂ ಏನೂ ಆಗಿರಲಿಲ್ಲ.

ಆ ವರ್ಷ ಕೆರೆ ತುಂಬಿತು. ಪಾತಿಯಲ್ಲಿ ಭತ್ತದ ಸಸಿ ಎದ್ದು ನಿಂತಿತು. ಹೊರದೇಶದಿಂದ ಮಾಯಿಭಟ್ಟನೆಂಬ ಪಂಡಿತ ಬಂದು ಅರಮನೆಯಲ್ಲಿ ಇಳಿದುಕೊಂಡ. ತುಂಬ ಓದಿದವನು. ಓದಿದ್ದೆಲ್ಲ ಬರೀ ವಾದಕ್ಕೇ ಅಂದುಕೊಂಡವನು.

"ದೊರೆಗಳೇ," ಅಂದ ಮಾಯಿಭಟ್ಟ, "ಲೋಕ ಮಾಡಿದ ತಂದೆ ಅನ್ನುತ್ತೀರಲ್ಲ, ಅಂಥವನೊಬ್ಬ ಇದ್ದಾನೆ ಅಂತ ತೀರ್ಮಾನವಾಗಿದೆಯೋ? ಇಲ್ಲದಿದ್ದರೆ ಅಷ್ಟು ಜನರ ಮುಂದೆ ನೀವು ಸುಳ್ಳಾಡಿದ ಹಾಗಾಗುತ್ತದೆ."

ದೊರೆ ಬೆಚ್ಚಿದ. "ಮೊದಲು ತೀರ್ಮಾನವಾಗಲಿ, ಆಮೇಲೆ ತೂಬು" ಅಂದುಬಿಟ್ಟ.

ತೂಬು ಕಾಯುವ ನೀರುಗಂಟಿ ದೊಡ್ಡಬೋರ ಬಂದ. "ಬುದ್ಧೀ, ಸಸಿ ನಾಟಿಗೆ ಬಂದದೆ. ನೀರು ಬಿಡಿಸಿ."

ಮಾಯಿಭಟ್ಟ ಅಡ್ಡ ಬಾಯಿ ಹಾಕಿದ. "ಕೆರೆಯಲ್ಲಿ ಪಾಚಿ ಬೆಳೆಯುತ್ತದೆ. ಅದನ್ನು ಯಾರಾದರೂ ಬಿತ್ತಿದ್ದಾರೆಯೇ? ಲೋಕವೂ ಹಾಗೇ ತಾನಾಗಿ ಬಂದಿರಬಹುದು." ದೊರೆ ಗಡ್ಡ ಕೆರೆದುಕೊಂಡ. ತೂಬು ಎತ್ತಲಿಲ್ಲ.

ದೊಡ್ಡಬೋರ ಮತ್ತೆ ಬಂದ. "ಬುದ್ಧೀ, ಸಸಿ ತುದಿ ಹಳದಿ ತಿರುಗಿದೆ. ಹೆಂಗಸರು ಕೊಡದಲ್ಲಿ ಹೊತ್ತು ಹುಯ್ಯುತ್ತಾವ್ರೆ."

"ಮಾಡಿದವನನ್ನು ಕಂಡವರು ಯಾರು?" ಅಂದ ಮಾಯಿಭಟ್ಟ. ದೊರೆ ಮೀಸೆ ತಿರುವಿದ. ತೂಬು ಎತ್ತಲಿಲ್ಲ.

ಮೂರನೆಯ ಸಲ ದೊಡ್ಡಬೋರ ಬಂದಾಗ ಅವನ ದನಿಯೇ ಇಳಿದುಹೋಗಿತ್ತು. "ಬುದ್ಧೀ, ನಾಳೆ ಮೀರಿದರೆ ಸಸಿ ಬಲಿತು ಹೋಯ್ತದೆ. ಕಿತ್ತು ದನಕ್ಕೆ ಹಾಕಬೇಕು. ವರ್ಷದ ಅನ್ನ ಅದು."

ಮಾಯಿಭಟ್ಟ ನಕ್ಕ. "ಕೊನೆಯದೊಂದು ಪ್ರಶ್ನೆ. ಎಲ್ಲವನ್ನೂ ಒಬ್ಬ ಮಾಡಿದ ಅನ್ನೋಣ. ಅವನನ್ನು ಮಾಡಿದವರು ಯಾರು? ಅವರನ್ನು ಮಾಡಿದವರು ಯಾರು? ಹೇಳಿ, ಒಪ್ಪಿಕೊಳ್ಳುತ್ತೇನೆ."

ದೊರೆ ತಲೆ ಮೇಲೆ ಕೈ ಹೊತ್ತು ಕೂತ. ಕೆರೆಯ ತುಂಬ ನೀರು, ಕೆಳಗೆ ಒಣಗುವ ಸಸಿ, ನಡುವೆ ಒಂದು ಬಾಯಿ. ಇದಕ್ಕೆ ಏನು ಹೇಳೋಣ?

ದೊರೆಯ ತಾಯಿ ಹೊನ್ನಾಜಮ್ಮ ಅಷ್ಟು ದಿನವೂ ಬಾಗಿಲ ಹಿಂದೆ ಕೂತು ಕೇಳಿ ಕೇಳಿ ಸಾಕಾಗಿದ್ದಳು. ಹೊರಗೆ ಬಂದಳು.

"ಸಿಂಗಾ, ನೀನು ಸುಳ್ಳು ಹೇಳದವನು ಅಂತ ಹೆಮ್ಮೆಯಿತ್ತು. ಇಷ್ಟು ಪೆದ್ದ ಅಂತ ಗೊತ್ತಿರಲಿಲ್ಲ. ಪಂಡಿತರೇ, ನಾಳೆ ಬೆಳಗ್ಗೆಯ ಊಟಕ್ಕೆ ನಾನೇ ಎಲೆ ಹಾಕಿಸುತ್ತೇನೆ. ಬನ್ನಿ."

ಆ ಸೀಮೆಯಲ್ಲಿ ಪಂಕ್ತಿಗೊಂದು ಕಟ್ಟುಪಾಡು. ಸಾಲಿನ ತಲೆಯಲ್ಲಿ ಕೂತ ಹಿರಿಯರು ತುತ್ತು ಎತ್ತುವವರೆಗೆ ಯಾರೂ ಎಲೆ ಮುಟ್ಟುವಂತಿಲ್ಲ. ಬಲಗಡೆಯವರು ಎತ್ತಿದ ಮೇಲೆ ಇವರು, ಇವರ ಮೇಲೆ ಪಕ್ಕದವರು.

ಮರುದಿನ ಹೊನ್ನಾಜಮ್ಮ ತೊಟ್ಟಿಯ ಅಂಗಳದಲ್ಲಿ ಎಲೆಗಳನ್ನು ಸಾಲಾಗಿ ಹಾಕಿಸಲಿಲ್ಲ, ದುಂಡಗೆ ಹಾಕಿಸಿದಳು. "ಇವತ್ತಿನ ಪಂಕ್ತಿಗೆ ತಲೆ ಇಲ್ಲ. ನಿಮ್ಮ ಬಲಗಡೆಯವರು ತುತ್ತೆತ್ತಿದ ಮೇಲೆ ನೀವು ಎತ್ತಿ. ಕಟ್ಟುಪಾಡು ಮುರಿಯಬೇಡಿ."

ಅನ್ನ ಬಂತು, ಹುಳಿ ಬಂತು, ತುಪ್ಪ ಬಂತು. ಮಾಯಿಭಟ್ಟ ಬಲಗಡೆ ನೋಡಿದ. ಅಲ್ಲಿದ್ದ ದೊರೆ ತನ್ನ ಬಲಗಡೆ ನೋಡಿದ. ಅಲ್ಲಿದ್ದ ಮಂತ್ರಿ ಆಚೆ ನೋಡಿದ. ನೋಟ ಸುತ್ತು ಹಾಕಿ ಮಾಯಿಭಟ್ಟನಿಗೇ ಬಂತು. ಅನ್ನದ ಹಬೆ ನಿಂತಿತು. ಹುಳಿ ಆರಿತು. ತುಪ್ಪ ಹೆಪ್ಪುಗಟ್ಟಿತು. ಪಂಡಿತನ ಹೊಟ್ಟೆ ಎಲ್ಲರಿಗೂ ಕೇಳಿಸುವ ಹಾಗೆ ಗುರುಗುಟ್ಟಿತು.

"ಅಮ್ಮಣ್ಣೀ," ಅಂದ ಅವನು ರೇಗಿ, "ಹೀಗಾದರೆ ಸಾಯಂಕಾಲವಾದರೂ ಯಾರೂ ಉಣ್ಣುವುದಿಲ್ಲ. ಯಾರಾದರೊಬ್ಬರು ಮೊದಲು ಕೈ ಹಾಕಬೇಕು."

"ಅವರು ಯಾರನ್ನು ನೋಡಿ ಹಾಕಬೇಕು?"

"ಯಾರನ್ನೂ ನೋಡಬಾರದು. ಇನ್ನೊಬ್ಬರಿಗೆ ಕಾದರೆ ಅವರು ಮೊದಲಿನವರು ಹೇಗಾದಾರು? ಇಷ್ಟೂ ತಿಳಿಯದೇ?"

"ನನಗೆ ತಿಳಿದಿತ್ತು, ಸ್ವಾಮಿ. ನಿಮಗೆ ತಿಳಿದಿದೆಯೋ ಇಲ್ಲವೋ ಅಂತ ನೋಡಬೇಕಿತ್ತು. ಮಾಡಿದವನನ್ನು ಮಾಡಿದವರು ಯಾರು ಅಂದಿರಿ. ಒಬ್ಬರ ಹಿಂದೆ ಒಬ್ಬರನ್ನು ಕೂರಿಸುತ್ತಾ ಹೋದಿರಿ. ತಲೆಯಿಲ್ಲದ ಪಂಕ್ತಿಯಲ್ಲಿ ಅನ್ನ ಆರುತ್ತದೆ, ಅಷ್ಟೆ. ಆದರೆ ಲೋಕದ ಪಂಕ್ತಿ ಆಗಲೇ ನಡೆದಿದೆ. ಸಸಿ ಬೆಳೆದಿದೆ, ಕೆರೆ ತುಂಬಿದೆ, ನೀವು ಹುಟ್ಟಿ ಇಷ್ಟು ಮಾತೂ ಕಲಿತಿದ್ದೀರಿ. ಯಾರಿಗೂ ಕಾಯದೆ ಮೊದಲು ಕೈ ಹಾಕಿದವನೊಬ್ಬ ಇರಲೇಬೇಕಲ್ಲ?"

ಮಾಯಿಭಟ್ಟ ಮೆಲ್ಲಗೆ, "ಇರಬೇಕು ಅಂತ ಒಪ್ಪಿದೆ. ಅವನು ಎಂಥವನು ಅಂತ ನೀವು ಹೇಳಲಿಲ್ಲ" ಅಂದ.

"ಅದು ನನಗೂ ಪೂರ್ತಿ ಗೊತ್ತಿಲ್ಲಪ್ಪ. ಕೈಮುಗಿಯುವುದಕ್ಕೆ ಇಷ್ಟು ಸಾಕು. ಸಿಂಗಾ, ಏಳು. ಗದ್ದೆಗೆ ನೀರು ಮುಟ್ಟಿದ ಮೇಲೆ ಎಲೆಗೆ ಬಿಸಿ ಅನ್ನ."

ದೊರೆ ಏರಿಗೆ ಓಡಿದ. ಕೈಮುಗಿದು ಆಡಬೇಕಾದ ಮಾತು ಆಡಿದ. ದೊಡ್ಡಬೋರ ತೂಬು ಎತ್ತಿದ. ಕಾಲುವೆಯಲ್ಲಿ ನೀರು ಹರಿಯುವುದಕ್ಕೂ ಹೆಂಗಸರು ಸಸಿ ಕೀಳಲು ಬಗ್ಗುವುದಕ್ಕೂ ಸರಿಹೋಯಿತು.

ಎಲ್ಲರೂ ವಾಪಸು ಬಂದು ಕೂತಾಗ ಎಲೆಗಳು ಸಾಲಾಗಿದ್ದವು. "ಕೂತವರಲ್ಲಿ ವಯಸ್ಸಿಗೆ ನೀವೇ ಹಿರಿಯರು, ತಲೆಯಲ್ಲಿ ಕೂರಿ" ಅಂದಳು ಹೊನ್ನಾಜಮ್ಮ. ಮಾಯಿಭಟ್ಟ ಕೂತ. ಬಲಗಡೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿದ, ಆಮೇಲೆ ತುತ್ತು ಎತ್ತಿದ. ಯಾರನ್ನು ನೆನೆದಿರಿ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಮತ್ತೆ ಅನ್ನ ಆರುತ್ತಿತ್ತು.

ತಿಳಿಯಿತೇ ಮಕ್ಕಳೇ? ಪ್ರಶ್ನೆ ಕೇಳುವುದು ತಪ್ಪಲ್ಲ. ಉತ್ತರ ಬೇಡದೆ ಕೇಳುತ್ತಾ ನಾಲ್ಕು ಜನರ ಅನ್ನಕ್ಕೆ ಅಡ್ಡ ನಿಲ್ಲುವುದು ತಪ್ಪು. ಎಲ್ಲಕ್ಕೂ ಮೊದಲು ಕೈ ಹಾಕಿದವನೊಬ್ಬ ಇದ್ದಾನೆ. ಅವನನ್ನು ನೆನೆಯಿರಿ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಏಳಿ.