ಅಪ್ಪಾಜಿ ಕಾಲದ ಹೊಳಪು

ಮೈಸೂರಿನ ಸಿದ್ದರಾಜುವಿಗೆ ಹಳೇ ಕಾರುಗಳ ಚಕ್ರದ ತುಕ್ಕು ಕೆರೆದು ಹೊಸದಾಗಿ ಕ್ರೋಮ್ ಲೇಪ ಹಾಕುವ ಕಸುಬು. ಒಂದು ದಿನ ಲಿಂಗರಾಜೇ ಅರಸರು ತಮ್ಮ ತಂದೆಯ ಕಾಲದ ಕಾರು ತಂದು ನಿಲ್ಲಿಸಿದರು. ಸಿದ್ದರಾಜು ನೋಡಿದೊಡನೆ ಗುರುತು ಹಿಡಿದ. ಅವನ ಅಪ್ಪ ಸಾಯುವವರೆಗೂ ಡ್ರೈವರಾಗಿ ಓಡಿಸಿದ್ದು ಇದೇ ಕಾರನ್ನು. ಅವ್ವ ಮಾದಮ್ಮ ದಿನಾ ಅರಸರ ಮನೆಯ ಗೇಟಿನ ಹತ್ತಿರ ನಿಂತು ನೋಡುತ್ತಿದ್ದಳೇ ಹೊರತು ಒಮ್ಮೆಯೂ ಹತ್ತಿದವಳಲ್ಲ.

"ಚಕ್ರ ಅಪ್ಪಾಜಿ ಕಾಲದಲ್ಲಿ ಹೊಳೆದ ಹಾಗೇ ಹೊಳೀಬೇಕು. ಗುಲಗಂಜಿಯಷ್ಟು ಕಡಿಮೆಯಾದರೂ ಒಪ್ಪಲ್ಲ," ಎಂದರು ಅರಸರು.

ಸಿದ್ದರಾಜು ಮೂರು ಸಲ ಕ್ರೋಮ್ ಹಾಕಿದ. ಮೂರು ಸಲವೂ ಅರಸರು ಮೂಗು ಮುರಿದರು. "ಆ ಹೊಳಪಲ್ಲ ಇದು."

"ಬುದ್ಧೀ, ಆ ಹೊಳಪನ್ನ ದಿನಾ ಕಂಡವಳು ನಮ್ಮವ್ವ ಒಬ್ಬಳೇ. ಅವಳನ್ನ ಕೂರಿಸಿಕೊಂಡು ಒಂದು ಸುತ್ತು ಹೋಗಿಬನ್ನಿ. ಅವಳು ಹೇಳಿದ್ದೇ ತೀರ್ಮಾನ."

ಅರಸರು ಒಪ್ಪಿದರು. ಮಾದಮ್ಮ ಪೆಟ್ಟಿಗೆಯ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು, ಸಿದ್ದರಾಜು ಹಿಂದೆ. ಅರ್ಧ ದಾರಿಯಲ್ಲಿ ಅರಸರಿಗೆ ಥಟ್ಟನೆ ಹೊಳೆಯಿತು.

"ಅಲ್ಲಮ್ಮಾ, ಒಳಗೆ ಕೂತರೆ ಚಕ್ರ ಹೇಗೆ ಕಾಣುತ್ತೆ?"

"ಚಕ್ರಾನ ಹತ್ತೋಕೆ ಮುಂಚೇನೇ ನೋಡಿದೆ ಬುದ್ಧಿ, ಅದೇ ಹೊಳಪು. ನಮ್ಮ ಯಜಮಾನರು ಒಳಗೆ ಕೂತು ಏನು ನೋಡ್ತಿದ್ರು ಅನ್ನೋದೇ ಗೊತ್ತಿರಲಿಲ್ಲ."

ಅರಸರು ಕನ್ನಡಿಯಲ್ಲಿ ಸಿದ್ದರಾಜುವನ್ನು ದುರುಗುಟ್ಟಿ ನೋಡಿದರು. ಅವನು ತುಂಬಿದ ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅರಸರು ಬಯ್ಯಲಿಲ್ಲ. ಕಾರಿನ ವೇಗ ತಗ್ಗಿಸಿ ಕೇಳಿದರು:

"ಅಪ್ಪಾಜಿಯನ್ನ ನಿಮ್ಮ ಯಜಮಾನರು ಎಲ್ಲಿಗೆ ಕರಕೊಂಡು ಹೋಗ್ತಿದ್ರಮ್ಮಾ?"

"ಸಂಜೆ ಹೊತ್ತು ಕೆರೆ ಏರಿಗೆ ಅಂತಿದ್ರು."

ಅರಸರು ಕಾರನ್ನು ಕೆರೆಯ ಕಡೆಗೆ ತಿರುಗಿಸಿದರು.